ವೃದ್ಧಾಶ್ರಮಕ್ಕೆ ತುರ್ತು ಗುಂಡಿ ಮಾಡಿದ್ದೇವೆ, ಅಜ್ಜಿಯರು ಹಾಕಿಕೊಳ್ಳುತ್ತಿಲ್ಲ. ಏನು ಮಾಡಲಿ?

ಕೊನೇ ವರ್ಷದ ಹುಡುಗಿ, ಹುಬ್ಬಳ್ಳಿ:
ನಾವು ನಾಲ್ವರು ಇಲೆಕ್ಟ್ರಾನಿಕ್ಸ್ ಓದುವವರು. ಧಾರವಾಡದ ಹತ್ತಿರ ಒಂದು ವೃದ್ಧಾಶ್ರಮಕ್ಕೆ ಕೊರಳಲ್ಲಿ ಹಾಕುವ ಗುಂಡಿ ಮಾಡಿದ್ದೇವೆ. ಒತ್ತಿದರೆ ಸಿಸ್ಟರ್ ಕೋಣೆಯಲ್ಲಿ ಬಜರ್ ಕೂಗುತ್ತದೆ, ರೂಮ್ ನಂಬರ್ ಕಾಣುತ್ತದೆ. ಮೊದಲು ವೈಫೈ ಹಾಕಿದ್ದೆವು. ದಪ್ಪ ಕಲ್ಲಿನ ಗೋಡೆ, ಹಿಂದಿನ ಸಾಲಿನ ಕೋಣೆಗಳಿಗೆ ಮುಟ್ಟಲಿಲ್ಲ. ಈಗ ಲೋರಾ, ಅಂದರೆ ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ, 865–867 ಮೆಗಾಹರ್ಟ್ಸ್. ಲೈಸೆನ್ಸ್ ಬೇಕಿಲ್ಲ, ಚೆನ್ನಾಗಿ ಮುಟ್ಟುತ್ತಿದೆ.

ತೊಂದರೆ ಬೇರೆ. 11 ಜನರಿಗೆ ಕೊಟ್ಟೆವು. ವಾರ ಬಿಟ್ಟು ಹೋದರೆ 8 ಗುಂಡಿ ಗೋಡೆಯ ಮೊಳೆಗೆ ತೂಗುತ್ತಿದ್ದವು. ಒಬ್ಬ ಅಜ್ಜಿ ಅದನ್ನು ಅರಿವೆಯಲ್ಲಿ ಸುತ್ತಿ ದೇವರ ಫೋಟೋ ಹಿಂದೆ ಇಟ್ಟಿದ್ದರು. "ಚೊಲೋ ಸಾಮಾನು, ಕೆಡಬಾರ್ದವಾ" ಅಂದರು. ಬಿದ್ದದ್ದನ್ನು ತಿಳಿಯುವ ಸೆನ್ಸರ್ ಕೂಡ ಇದೆ, ಆದರೆ ಕುರ್ಚಿಯಲ್ಲಿ ದೊಪ್ಪನೆ ಕೂತರೂ ಕೂಗುತ್ತದೆ.

ಹಾವೇರಿಯಲ್ಲಿ ನಮ್ಮಜ್ಜಿ ಬಚ್ಚಲಲ್ಲಿ ಬಿದ್ದು, ಹಾಲಿನವನು ಬರುವ ತನಕ ತಣ್ಣನೆ ನೆಲದ ಮೇಲೇ ಇದ್ದಳು. ಅದಕ್ಕೇ ಇದನ್ನು ಬರೀ ಮಾರ್ಕ್ಸಿಗೆ ಅಂತ ಬಿಡಲು ನನಗೆ ಆಗುತ್ತಿಲ್ಲ.

ಗದಗಿನ ಸಿಸ್ಟರ್:
ತಂಗಿ, 14 ವರ್ಷದಿಂದ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದೇನೆ. ನಾನು ಕಂಡಂತೆ ಬೀಳುವುದು ಜಾಸ್ತಿ ರಾತ್ರಿ, ಬಚ್ಚಲಿಗೆ ಎದ್ದಾಗ. ಆ ಹೊತ್ತಿಗೆ ನಿನ್ನ ಗುಂಡಿ ದಿಂಬಿನ ಕೆಳಗೆ ಇರುತ್ತದೆ. ಬಚ್ಚಲಲ್ಲಿ ಒಂದು ಹಗ್ಗ ಇಳಿಬಿಡು, ಜಗ್ಗಿದರೆ ಬಜರ್ ಕೂಗಲಿ. ನೆಲಕ್ಕೆ ನಾಲ್ಕು ಬೆರಳು ಮೇಲೆ ನಿಲ್ಲಬೇಕು, ಬಿದ್ದವರ ಕೈಗೆ ಸಿಗಬೇಕು. ಒರೆಸುವಾಗ ಅಡ್ಡ ಆಗುತ್ತೆ ಅಂತ ಆಯಾಗಳು ಮೇಲೆ ಗಂಟು ಹಾಕಿಬಿಡುತ್ತಾರೆ, ಅವರಿಗೆ ಮೊದಲೇ ಹೇಳು.

ಇನ್ನೊಂದು. ಸುಮ್ನೆ ಒತ್ತಿದರೆ ಸಿಸ್ಟರ್ ಬೈತಾರೆ ಅಂತ ಎಷ್ಟೋ ಜನ ಒತ್ತುವುದೇ ಇಲ್ಲ. ಒತ್ತಿದ ಕೂಡಲೇ ಅವರ ಕೋಣೆಯಲ್ಲೂ ಒಂದು ದೀಪ ಹತ್ತಲಿ. ಯಾರೋ ಬರ್ತಿದ್ದಾರೆ ಅಂತ ಧೈರ್ಯ ಬರುತ್ತದೆ.

ರಿಪೇರಿ ಅಂಗಡಿ, ಹಳೇ ಹುಬ್ಬಳ್ಳಿ:
ಬಜರ್ ನಿಲ್ಲಿಸುವ ಗುಂಡಿಯನ್ನು ಸಿಸ್ಟರ್ ಟೇಬಲ್ ಮೇಲೆ ಇಡಬೇಡಮ್ಮಾ, ರೋಗಿಯ ಕೋಣೆಯಲ್ಲೇ ಇಡು. ಆಗ ಎದ್ದು ಹೋಗಲೇಬೇಕಾಗುತ್ತದೆ. ಸೆನ್ಸರ್ ಬಿದ್ದಿದ್ದಾರೆ ಅಂದ ಮೇಲೆ 20 ಸೆಕೆಂಡ್ ಕಾಯಲಿ, ಅಲುಗಾಟ ಇಲ್ಲದಿದ್ದರೆ ಮಾತ್ರ ಕೂಗಲಿ. ಪ್ರತಿ ಗುಂಡಿಯೂ ತಾಸಿಗೊಮ್ಮೆ "ಇದ್ದೇನೆ" ಅಂತ ಸಿಗ್ನಲ್ ಕಳಿಸಲಿ, ಸೆಲ್ ಸತ್ತದ್ದು ಗೊತ್ತಾಗುತ್ತದೆ. ಮಕ್ಕಳಿಗೆ ಎಸ್ಸೆಮ್ಮೆಸ್ ಕಳಿಸಲು 2ಜಿ ಮಾಡ್ಯೂಲ್ ಹಾಕಿದರೆ ಜಿಯೋ ಸಿಮ್ ನಡೆಯಲ್ಲ, ಅವರದ್ದು 2ಜಿ ಇಲ್ಲ. ಕರೆಂಟ್ ಹೋದಾಗ ಬಜರಿಗೆ ಬ್ಯಾಟರಿ ಇದೆ ಅಲ್ವಾ?

ಕೊನೇ ವರ್ಷದ ಹುಡುಗಿ, ಹುಬ್ಬಳ್ಳಿ:
ಅಣ್ಣಾ, ಬ್ಯಾಟರಿ ಇರಲಿಲ್ಲ, ಈಗ ಹಾಕಿದೆವು. ಅಕ್ಕಾ, ಭಾನುವಾರ ಎರಡು ಬಚ್ಚಲಿಗೆ ಕೆಂಪು ನೈಲಾನ್ ಹಗ್ಗ ಕಟ್ಟಿ ಬಂದೆವು. ಫೋಟೋ ಹಿಂದೆ ಇಟ್ಟಿದ್ದ ಅಜ್ಜಿ ತಾವೇ ಬಂದು ಜಗ್ಗಿದರು. ದೀಪ ಹತ್ತಿತು. ಆಯಾ ಓಡಿ ಬಂದಳು. ಅಜ್ಜಿ ಅವಳ ಕೈ ಹಿಡಿದು, "ಖರೇನೇ ಬಂದ್ಯಲ್ಲವಾ" ಅಂದರು. ಉಳಿದ ಬಚ್ಚಲುಗಳಿಗೆ ಈ ಶನಿವಾರ ಹೋಗುತ್ತೇವೆ.