ಅಪ್‌ಡೇಟ್: ಕೆಂಪು ಕಾರಿಗೆ ಇನ್ಶೂರೆನ್ಸ್ ಜಾಸ್ತಿನಾ?

ಬಿಳಿ ಬಿಟ್ಟು ಕೆಂಪು ಕಾರು ತಗೊಂಡರೆ ಪ್ರೀಮಿಯಂ ಏರುತ್ತದಾ ಅಂತ ಕೇಳಿದ್ದೆ. ನಮ್ಮಲ್ಲಿ ಏರುವುದಿಲ್ಲ. ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ವಿಮೆ) ದರವನ್ನು ಕೇಂದ್ರ ಸರ್ಕಾರವೇ ಎಂಜಿನ್ ಸಿಸಿ ನೋಡಿ ಗೊತ್ತು ಮಾಡುತ್ತದೆ: 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1000 ಸಿಸಿವರೆಗೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲೆ 7,897. ಓನ್ ಡ್ಯಾಮೇಜ್‌ಗೆ (ನಮ್ಮ ಕಾರಿಗೇ ಆದ ಹಾನಿಯ ವಿಮೆ) ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆ), ಕಾರಿನ ವಯಸ್ಸು, ಸಿಸಿ, ನೋಂದಣಿಯಾದ ಊರು (ಬೆಂಗಳೂರು ಎ ವಲಯ, ಮೈಸೂರು ಬಿ), ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿ) ಮುಖ್ಯ.

ಬಣ್ಣದ ಲೆಕ್ಕ ಶುರುವಾಗುವುದು ಕ್ಲೇಮಿನಲ್ಲಿ. ಪೇಂಟ್ ಸಾಮಗ್ರಿಯ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ. ಸಾಮಗ್ರಿ, ಕೂಲಿ ಸೇರಿಸಿ ಒಂದೇ ಬಿಲ್ ಕೊಟ್ಟಿದ್ದರೆ ಅದರ ಶೇ. 25 ಸಾಮಗ್ರಿ ಎಂದು ಹಿಡಿಯುತ್ತಾರೆ. ಅಂದರೆ 20,000ದ ಪೇಂಟ್ ಬಿಲ್ಲಿನಲ್ಲಿ 2,500 ನಾವೇ ಕಟ್ಟಬೇಕು, ಕಡ್ಡಾಯ ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ನಿಗದಿತ ಮೊತ್ತ) ಬೇರೆ. ಝೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ಇದ್ದರೆ ಈ ಸವಕಳಿ ಬೀಳುವುದಿಲ್ಲ. ಹೊಸ ಕಾರಿಗೆ ಅದನ್ನು ಖಂಡಿತ ಹಾಕಿಸಿ.

ಇನ್ನೊಂದು: ಮುಂದೆ ಬಣ್ಣ ಬದಲಿಸಿದರೆ ಮೊದಲು ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸಿ, ಆಮೇಲೆ ಪಾಲಿಸಿಗೆ ಎಂಡಾರ್ಸ್‌ಮೆಂಟ್ (ಬದಲಾವಣೆಯ ನಮೂದು) ಮಾಡಿಸಿ. ಆರ್‌ಸಿಯಲ್ಲಿ ಬಿಳಿ, ಎದುರಿಗೆ ಕೆಂಪು ಕಾರು ಇದ್ದರೆ ಹಾನಿ ಪರಿಶೀಲಿಸಲು ಬರುವ ಸರ್ವೇಯರ್ ತಕರಾರು ತೆಗೆಯುತ್ತಾರೆ.