ವೆಬ್‌ಕಿಟ್ ಬಿಲ್ಡ್: ರಾಸ್‌ಬೆರಿ ಪೈನಲ್ಲಿ ಅರ್ಧಕ್ಕೇ ನಿಲ್ಲುತ್ತಿದೆ, ಕನ್ನಡ ಒತ್ತಕ್ಷರವೂ ಒಡೆಯುತ್ತಿದೆ

ಕೆರೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ವಾ, ಅಲ್ಲಿ ಒಂದು ಟಿವಿಗೆ ರಾಸ್‌ಬೆರಿ ಪೈ 4 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್ ಜೋಡಿಸಿದ್ದೇನೆ. ಪುಸ್ತಕಗಳ ಪಟ್ಟಿ, ಮಕ್ಕಳ ಕಥೆ, ಆ ದಿನದ ಸೂಚನೆ, ಇಷ್ಟನ್ನು ತೋರಿಸುವ ಒಂದು ಕನ್ನಡ ವೆಬ್ ಪುಟ. ಬೋರ್ಡ್‌ನಲ್ಲಿ ಇರುವುದು 2 ಜಿಬಿ ಮೆಮೊರಿ. ಮೊದಲು ಹಾಕಿದ್ದ ಬ್ರೌಸರ್ ಈ ಬೋರ್ಡ್‌ಗೆ ಭಾರವಾಯಿತು. ಅದಕ್ಕೆ ವೆಬ್‌ಕಿಟ್ ಅನ್ನುವ ಬ್ರೌಸರ್ ಎಂಜಿನ್‌ನ ಡಬ್ಲ್ಯೂಪಿಇ ಪೋರ್ಟ್ (ಇಂಥ ಸಣ್ಣ ಬೋರ್ಡ್‌ಗಳಿಗೆ ಹೊಂದಿಸಿದ ರೂಪ) ಬಿಲ್ಡ್ ಮಾಡೋಣ, ಅಂದರೆ ಸೋರ್ಸ್ ಕೋಡ್‌ನಿಂದ ನಾನೇ ಕಟ್ಟೋಣ ಅಂತ ಹೊರಟೆ.

ಬೋರ್ಡ್ ಮೇಲೇ ಬಿಲ್ಡ್ ಮಾಡುತ್ತಿದ್ದೇನೆ. ಗಿಟ್‌ನಿಂದ ಪೂರ್ತಿ ಸೋರ್ಸ್ ಇಳಿಸಲು ಒಂದು ರಾತ್ರಿ ಹೋಯಿತು. ಬಿಲ್ಡ್‌ಗೆ ತಯಾರಿ ಮಾಡುವ ಸಿಮೇಕ್ ಸರಿಯಾಗಿ ಮುಗಿಯಿತು. ಕಂಪೈಲ್ ಕೆಲಸಗಳನ್ನು ನಡೆಸುವ ನಿಂಜಾ ಶುರುವಾಗಿ ಮೂರ್ನಾಲ್ಕು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಪುಟ ಬಿಡಿಸುವ ಭಾಗವಾದ ವೆಬ್‌ಕೋರ್ ಕಂಪೈಲ್ ಆಗುವಾಗ ಬೋರ್ಡ್ ಹಾಗೇ ಹೆಪ್ಪುಗಟ್ಟಿದಂತಾಗಿ, ಕೊನೆಗೆ 'ಕಿಲ್ಡ್' ಅಂತ ಒಂದೇ ಒಂದು ಸಾಲು ಬಂದು ನಿಂತುಬಿಡುತ್ತದೆ. ಮೂರು ಸಲ ಹೀಗೇ ಆಯಿತು. ಓಎಸ್ 32 ಬಿಟ್‌ನದ್ದು.

ನಾನೇ ಬಿಲ್ಡ್ ಮಾಡಲು ಇನ್ನೊಂದು ಕಾರಣವಿದೆ. ಹಳೆಯ ಬ್ರೌಸರ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿತ್ತು. 'ಶಾಸ್ತ್ರ' ಅಂತ ಬರೆದರೆ ಸ, ತ, ರ ಮೂರೂ ಒಂದರ ಪಕ್ಕ ಒಂದು ಬಂದು ನಡುವೆ ಹಲಂತದ ಗುರುತು ನಿಲ್ಲುತ್ತದೆ. ಮಕ್ಕಳು ಓದುವ ಪರದೆ ಅದು, ಹಾಗೆ ಬಿಡಲು ನನಗೆ ಮನಸ್ಸಿಲ್ಲ. ಅಕ್ಷರ ಬಿಡಿಸುವ ಕೋಡ್ ವೆಬ್‌ಕೋರ್‌ನಲ್ಲಿ ಎಲ್ಲಿದೆ ಅಂತ ಗೊತ್ತಾದರೆ ಅದನ್ನು ತಿದ್ದಿಕೊಳ್ಳೋಣ ಅಂತ ಇದ್ದೇನೆ. ಕೆಲಸ ಆದಮೇಲೆ ಗ್ರಂಥಾಲಯದ ವಿಂಡೋಸ್ ಲ್ಯಾಪ್‌ಟಾಪ್‌ಗೂ ಇದೇ ಎಂಜಿನ್ ಹಾಕಬಹುದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ನಿಂಜಾ_ಕಟ್ಟೆ ಬರೆದದ್ದು:

ಕೆಲಸ ತುಂಬಾ ಒಳ್ಳೆಯದು, ಬಿಡಬೇಡಿ. ಆದರೆ ಬೋರ್ಡ್ ಮೇಲೆ ಬಿಲ್ಡ್ ಮಾಡುವುದನ್ನು ಇವತ್ತೇ ನಿಲ್ಲಿಸಿ.

ಆ 'ಕಿಲ್ಡ್' ಅನ್ನುವುದು ಕೋಡ್‌ನ ತಪ್ಪಲ್ಲ. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ಲೇ ಕಂಪೈಲರನ್ನು ಹಿಡಿದು ನಿಲ್ಲಿಸುತ್ತದೆ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸ್ಗ್ ಕಮಾಂಡ್ ಕೊಟ್ಟು ನೋಡಿದರೆ ಕಾಣುತ್ತದೆ. ವೆಬ್‌ಕಿಟ್‌ನಲ್ಲಿ ಇದು ಇಷ್ಟು ಜಾಸ್ತಿ ಆಗಲು ಒಂದು ಕಾರಣ ಇದೆ. 2017ರಿಂದ ಅಲ್ಲಿ ಯೂನಿಫೈಡ್ ಸೋರ್ಸ್ ಅನ್ನುವ ಪದ್ಧತಿ ಇದೆ. ಎಂಟರವರೆಗೆ ಸಿಪಿಪಿ (ಸಿ++ ಕೋಡ್) ಫೈಲ್‌ಗಳನ್ನು ಒಂದೇ ಕಟ್ಟಾಗಿ ಕಟ್ಟಿ ಕಂಪೈಲರ್‌ಗೆ ಕೊಡುತ್ತಾರೆ. ಒಂದೇ ಹೆಡರನ್ನು (ಹಲವು ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್) ಎಂಟು ಸಲ ಓದುವುದು ತಪ್ಪುತ್ತದೆ, ಒಟ್ಟು ಸಮಯ ಎಷ್ಟೋ ಉಳಿಯುತ್ತದೆ. ಆದರೆ ಒಂದೊಂದು ಕಟ್ಟಿಗೂ ಮೆಮೊರಿ ಜಾಸ್ತಿ ಬೇಕು. ನನ್ನ ಅನುಭವದಲ್ಲಿ ಒಂದು ಕಂಪೈಲ್ ಕೆಲಸಕ್ಕೆ ಒಂದೂವರೆಯಿಂದ ಎರಡು ಜಿಬಿ ಇಟ್ಟುಕೊಳ್ಳುವುದು ಕ್ಷೇಮ. ಪೈ 4ರಲ್ಲಿ ನಾಲ್ಕು ಕೋರ್ ಇವೆ, ನಿಂಜಾ ತಾನಾಗಿಯೇ ಅದಕ್ಕಿಂತ ಒಂದೆರಡು ಹೆಚ್ಚೇ ಕೆಲಸ ಎಬ್ಬಿಸುತ್ತದೆ. 2 ಜಿಬಿಯಲ್ಲಿ ಅದು ಹೇಗೆ ನಡೆದೀತು?

ಯೂನಿಫೈಡ್ ಬಿಲ್ಡ್ ಆಫ್ ಮಾಡುವ ಆಯ್ಕೆ ಸಿಮೇಕ್‌ನಲ್ಲಿದೆ. ಮಾಡಿದರೆ ಮೆಮೊರಿ ಕಡಿಮೆ ಸಾಕು, ಆದರೆ ಬೇರೆ ತೊಂದರೆ ಬರುತ್ತದೆ. ಕಟ್ಟಿನಲ್ಲಿ ಪಕ್ಕದ ಫೈಲ್ ತಂದ ಹೆಡರನ್ನೇ ನಂಬಿಕೊಂಡು, ತಾನು ಸೇರಿಸಿಕೊಳ್ಳದೆ ಬಿಟ್ಟ ಫೈಲ್‌ಗಳು ಆಗಾಗ ಇರುತ್ತವೆ. ಬಿಡಿಬಿಡಿಯಾಗಿ ಕಂಪೈಲ್ ಮಾಡಿದ ತಕ್ಷಣ ಅವೆಲ್ಲ ಎರರ್ ಆಗಿ ಎದ್ದು ನಿಲ್ಲುತ್ತವೆ. ಅದನ್ನು ಸರಿಮಾಡುತ್ತಾ ಕೂರುವುದು ನಿಮಗೆ ಈಗ ಬೇಡ.

ಒಂದು ಒಳ್ಳೆಯ ಪಿಸಿಯಲ್ಲಿ ಕ್ರಾಸ್ ಕಂಪೈಲ್ ಮಾಡಿ, ಅಂದರೆ ಬೋರ್ಡ್‌ನಲ್ಲಿ ಓಡುವ ಪ್ರೋಗ್ರಾಂ ಅನ್ನು ಪಿಸಿಯಲ್ಲಿ ಕಟ್ಟಿ. ಬೋರ್ಡ್‌ಗೆ ಪೂರ್ತಿ ಲಿನಕ್ಸ್ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನಲ್ಲಿ ಡಬ್ಲ್ಯೂಪಿಇ ವೆಬ್‌ಕಿಟ್ ಮತ್ತು ಕಾಗ್ ಎರಡೂ ಪ್ಯಾಕೇಜ್ ಆಗಿಯೇ ಇವೆ. ಮೆನುವಿನಲ್ಲಿ ಆರಿಸಿದರೆ ಸಾಕು. ಅಂಥದ್ದೇ ಇನ್ನೊಂದಾದ ಯೋಕ್ಟೋ ಗೊತ್ತಿದ್ದರೆ ಮೆಟಾ-ವೆಬ್‌ಕಿಟ್ ಲೇಯರ್ ಇದೆ. ಕಾಗ್ ಅಂದರೆ ಒಂದೇ ಕಿಟಕಿಯ ಸಣ್ಣ ಲಾಂಚರ್. ವಿಳಾಸ ಬರೆಯುವ ಪಟ್ಟಿ, ಬಟನ್ ಯಾವುದೂ ಇಲ್ಲ, ಪುಟ ಮಾತ್ರ. ನಿಮ್ಮ ಟಿವಿಗೆ ಅದೇ ಬೇಕು ಅಲ್ವಾ. ನೇರವಾಗಿ ಪರದೆಗೇ ಬಿಡಿಸುವ ಡಿಆರ್‌ಎಂ ಮೋಡ್‌ನಲ್ಲಿ ಓಡಿಸಿದರೆ ಡೆಸ್ಕ್‌ಟಾಪ್ ಕೂಡ ಬೇಕಿಲ್ಲ.

ಗಿಟ್ ರೆಪೊ ಬೇಡ, ಸ್ಟೇಬಲ್ ಟಾರ್‌ಬಾಲ್ (ಬಿಡುಗಡೆಯಾದ ಆವೃತ್ತಿಯ ಸೋರ್ಸ್ ಕಟ್ಟು) ತೆಗೆದುಕೊಳ್ಳಿ. ರೆಪೊದಲ್ಲಿ ಸಾವಿರಾರು ಲೇಔಟ್ ಟೆಸ್ಟ್‌ಗಳು, ಹಳೆಯ ಇತಿಹಾಸ ಎಲ್ಲ ಬರುತ್ತದೆ, ಬಿಲ್ಡ್‌ಗೆ ಅವು ಬೇಡ. ಸ್ಟೇಬಲ್ ಸರಣಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ.

ಇನ್ನೊಂದು ಮಾತು, 64 ಬಿಟ್‌ಗೆ ಹೋಗಿ. ಪೈ 4ರ ಕಾರ್ಟೆಕ್ಸ್-ಎ72 64 ಬಿಟ್ ಪ್ರೊಸೆಸರ್. ಜಾವಾಸ್ಕ್ರಿಪ್ಟ್ ಓಡಿಸುವ ಭಾಗವಾದ ಜಾವಾಸ್ಕ್ರಿಪ್ಟ್‌ಕೋರ್‌ನಲ್ಲಿ ಕೋಡ್ ವೇಗಕ್ಕಾಗಿ ನಾಲ್ಕು ಮೆಟ್ಟಿಲು ಹತ್ತುತ್ತದೆ: ಮೊದಲು ಎಲ್‌ಎಲ್‌ಇಂಟ್ ಅನ್ನುವ ಇಂಟರ್‌ಪ್ರಿಟರ್, ಆಮೇಲೆ ಬೇಸ್‌ಲೈನ್, ಡಿಎಫ್‌ಜಿ, ಎಫ್‌ಟಿಎಲ್ ಅನ್ನುವ ಮೂರು ಜಿಟ್‌ಗಳು (ಓಡುವಾಗಲೇ ಕಂಪೈಲ್ ಮಾಡುವವು). ಆ ಕೊನೆಯ ಮೆಟ್ಟಿಲು 64 ಬಿಟ್‌ನಲ್ಲಿ ಮಾತ್ರ. ಜಿಟ್ ಇಲ್ಲದ ಪ್ರೊಸೆಸರ್‌ಗೆ ಪೋರ್ಟ್ ಮಾಡುವವರಿಗೆ ಸಿ-ಲೂಪ್ ಅನ್ನುವ ದಾರಿಯೂ ಇದೆ, ನಿಧಾನ ಆದರೂ ಸಿ++ ಕಂಪೈಲರ್ ಇರುವ ಕಡೆಯೆಲ್ಲ ಓಡುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳಿಬಿಡುತ್ತೇನೆ. ಎಲ್‌ಎಲ್‌ಇಂಟ್ ಬರೆದಿರುವುದು ಅವರದೇ ಒಂದು ಅಸೆಂಬ್ಲಿ ಭಾಷೆಯಲ್ಲಿ. ಬಿಲ್ಡ್ ಮಾಡುವಾಗ ಒಂದು ರೂಬಿ ಸ್ಕ್ರಿಪ್ಟ್ ಅದನ್ನು ಆರ್ಮ್‌ಗೋ ಇಂಟೆಲ್‌ಗೋ ಬೇಕಾದಂತೆ ಬದಲಿಸುತ್ತದೆ. ಅದಕ್ಕೆ ಸಿ++ ವಸ್ತುಗಳ ಒಳಗಿನ ಅಳತೆ ಗೊತ್ತಾಗಬೇಕು. ಆದರೆ ಕ್ರಾಸ್ ಕಂಪೈಲ್ ಮಾಡುವಾಗ ಆರ್ಮ್ ಪ್ರೋಗ್ರಾಂ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ. ಅದಕ್ಕೆ ಏನು ಮಾಡಿದ್ದಾರೆ ಅಂದರೆ, ಅಳತೆಗಳನ್ನೆಲ್ಲ ಒಂದು ಸಣ್ಣ ಪ್ರೋಗ್ರಾಂ ಒಳಗೆ ಗುರುತಿನ ಸಂಖ್ಯೆಗಳ ನಡುವೆ ಅಡಗಿಸಿ ಕಂಪೈಲ್ ಮಾಡುತ್ತಾರೆ, ಆಮೇಲೆ ಅದನ್ನು ಓಡಿಸದೇ, ಬರೀ ಬೈನರಿ ಓದಿ ಸ್ಕ್ರಿಪ್ಟ್ ಅಳತೆ ಹೆಕ್ಕಿಕೊಳ್ಳುತ್ತದೆ. ಪೋರ್ಟ್ ಮಾಡುವವರ ಕಷ್ಟ ಅರಿತವರು ಬರೆದ ಕೋಡ್ ಅದು.

ರೂಬಿ, ಪರ್ಲ್, ಪೈಥಾನ್, ಜಿಪರ್ಫ್ ನಾಲ್ಕೂ ಪಿಸಿಯಲ್ಲಿ ಇರಲಿ. ಬಿಲ್ಡ್‌ರೂಟ್ ಬಿಟ್ಟು ಕೈಯಾರೆ ಕ್ರಾಸ್ ಕಂಪೈಲ್ ಮಾಡಿದರೆ ಲೈಬ್ರರಿಗಳು ಎಲ್ಲಿವೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಮೇಲೆ ಕಣ್ಣಿಡಿ. ಅದು ಬೋರ್ಡ್‌ನ ಸಿಸ್‌ರೂಟ್ (ಅದರ ಲೈಬ್ರರಿಗಳ ಫೋಲ್ಡರ್) ಬಿಟ್ಟು ಪಿಸಿಯ ಲೈಬ್ರರಿ ತೋರಿಸಿದರೆ ಗಂಟೆಗಟ್ಟಲೆ ಕಂಪೈಲ್ ಆಗಿ ಕೊನೆಗೆ ಲಿಂಕ್ ಮಾಡುವಾಗ ಫೈಲ್ ಬೇರೆ ಜಾತಿಯದು ಅಂತ ನಿಲ್ಲುತ್ತದೆ.

ಅರ್ಕಾವೊತ್ತು ಬರೆದದ್ದು:

ಮೇಲಿನವರು ಬಿಲ್ಡ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಅಕ್ಷರದ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ವೆಬ್‌ಕೋರ್ ತಿದ್ದಬೇಡಿ. ನಿಮ್ಮ ತೊಂದರೆ ಎಂಜಿನ್‌ನಲ್ಲಿ ಇಲ್ಲ.

ಲಿನಕ್ಸ್ ಪೋರ್ಟ್‌ಗಳಲ್ಲಿ ಒತ್ತಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಝ್ ಲೈಬ್ರರಿಯದು. ಎಂಜಿನ್ ಅದಕ್ಕೆ ಯೂನಿಕೋಡ್ ಸಾಲು ಮತ್ತು ಫಾಂಟ್ ಕೊಡುತ್ತದೆ, ಯಾವ ಚಿತ್ರವನ್ನು ಎಲ್ಲಿ ಇಡಬೇಕು ಅಂತ ಅದು ಹೇಳುತ್ತದೆ. ಆದರೆ 'ಸ್ತ್ರ' ಬರೆಯಲು ಸ ಕೆಳಗೆ ತ ಒತ್ತು, ಅದಕ್ಕೆ ರ ಒತ್ತು, ಈ ನಿಯಮ ಇರಬೇಕಾದದ್ದು ಫಾಂಟ್ ಒಳಗಿನ ಓಪನ್‌ಟೈಪ್ ಟೇಬಲ್‌ನಲ್ಲಿ. ಫಾಂಟ್‌ನಲ್ಲಿ ಬಿಡಿ ಅಕ್ಷರಗಳು ಇದ್ದು ಆ ಟೇಬಲ್ ಇಲ್ಲದಿದ್ದರೆ ನೀವು ಹೇಳಿದ ಹಾಗೇ ಹಲಂತ ಎದ್ದು ಕಾಣುತ್ತದೆ. ಡಬ್ಬಿ ಡಬ್ಬಿ ಕಂಡಿದ್ದರೆ ಕನ್ನಡ ಫಾಂಟೇ ಇಲ್ಲ ಅಂತ ಅರ್ಥ. ನಿಮಗೆ ಅಕ್ಷರ ಕಾಣುತ್ತಿದೆ, ಜೋಡಣೆ ಇಲ್ಲ. ಎಲ್ಲ ಲಿಪಿಯ ಅಕ್ಷರಗಳನ್ನೂ ತುಂಬಿಕೊಂಡ ಯೂನಿಫಾಂಟ್ ಥರದ್ದೊಂದು ಬೋರ್ಡ್‌ನಲ್ಲಿ ಇದ್ದಿರಬೇಕು, ಫಾಂಟ್ ಆರಿಸಿಕೊಡುವ ಫಾಂಟ್‌ಕಾನ್ಫಿಗ್ ಕನ್ನಡಕ್ಕೆ ಅದನ್ನೇ ಎತ್ತಿಕೊಟ್ಟಿರಬೇಕು.

ಎಫ್‌ಸಿ-ಲಿಸ್ಟ್ ಕಮಾಂಡ್‌ನಲ್ಲಿ ಕನ್ನಡ ಭಾಷೆಗೆ ಯಾವ ಫಾಂಟ್ ಇವೆ ಅಂತ ಮೊದಲು ನೋಡಿ. ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಲ್ಲವೂ ಮುಕ್ತ ಫಾಂಟ್‌ಗಳು, ಯಾವುದಾದರೂ ಒಂದನ್ನು ಹಾಕಿ. ಪುಟದ ಸಿಎಸ್‌ಎಸ್‌ನಲ್ಲೂ ಆ ಹೆಸರು ಬರೆಯಿರಿ. ಸಣ್ಣ ಇಮೇಜ್ ಕಟ್ಟುವಾಗ ಫಾಂಟ್ ತಾನಾಗಿ ಬರುವುದಿಲ್ಲ, ನೀವೇ ಸೇರಿಸಬೇಕು, ಇದನ್ನು ಮರೆಯುವವರೇ ಜಾಸ್ತಿ.

ಹಾಗೇ ಐಸಿಯು ಡೇಟಾ, ಅಂದರೆ ಒಂದೊಂದು ಭಾಷೆಯ ದಿನಾಂಕ, ಹೆಸರುಗಳ ಮಾಹಿತಿ. ಜಾಗ ಉಳಿಸಲು ಅದನ್ನು ಕತ್ತರಿಸಿ ಹಾಕುವ ಆಯ್ಕೆ ಇದೆ. ಕನ್ನಡದ ಡೇಟಾ ಕತ್ತರಿಸಿಬಿಟ್ಟರೆ ಜಾವಾಸ್ಕ್ರಿಪ್ಟ್‌ನಲ್ಲಿ ದಿನಾಂಕ ಕೇಳಿದಾಗ ತಿಂಗಳ ಹೆಸರು ಕನ್ನಡದಲ್ಲಿ ಬರುವುದಿಲ್ಲ.

ಪರೀಕ್ಷೆಗೆ ಈ ಪದಗಳನ್ನು ದೊಡ್ಡದಾಗಿ ಒಂದು ಪುಟದಲ್ಲಿ ಹಾಕಿ ನೋಡಿ: ಶಾಸ್ತ್ರ, ಲಕ್ಷ್ಮಿ, ಸೂರ್ಯ, ಅರ್ಥ, ರ‍್ಯಾಂಕ್. ಕೊನೆಯದು ಮುಖ್ಯ. 'ಸೂರ್ಯ' ಬರೆದಾಗ ರ ಅರ್ಕಾವೊತ್ತಾಗಿ ಯ ಅಕ್ಷರದ ಬಲಗಡೆ ಹೋಗಬೇಕು. 'ರ‍್ಯಾಂಕ್' ಬರೆದಾಗ ರ ಪೂರ್ತಿ ನಿಂತು ಯ ಒತ್ತಾಗಬೇಕು. ಎರಡನೆಯದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ಅಕ್ಷರ, ಜಡ್‌ಡಬ್ಲ್ಯೂಜೆ, ಬೇಕು. ನಿಮ್ಮ ಪುಸ್ತಕ ಪಟ್ಟಿ ತುಂಬುವ ಪ್ರೋಗ್ರಾಂ ಅದನ್ನು ಅನವಶ್ಯಕ ಅಂತ ತೆಗೆದುಹಾಕುತ್ತಿದೆಯಾ ಅಂತಲೂ ನೋಡಿ, ಹಾಗೆ ಆಗಿರುವುದನ್ನು ನಾನು ಕಂಡಿದ್ದೇನೆ. ಪಟ್ಟಿಯಲ್ಲಿ ಹಳೆಯ ನುಡಿ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಲುಗಳಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಿಸಲೇಬೇಕು, ಅದಕ್ಕೆ ಯಾವ ಎಂಜಿನ್ ಏನೂ ಮಾಡಲಾರದು.

ಹಳೇ_ಸೆಟ್‌ಟಾಪ್ ಬರೆದದ್ದು:

ತಿದ್ದಬೇಡಿ ಅನ್ನುವ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಟಿವಿ ಪೆಟ್ಟಿಗೆಗೆ ವೆಬ್‌ಕಿಟ್ ಪೋರ್ಟ್ ಮಾಡಿದ್ದೆವು. ಬೇಗ ಮುಗಿಯಲಿ ಅಂತ ವೆಬ್‌ಕೋರ್ ಒಳಗೆ ಎಲ್ಲೆಂದರಲ್ಲಿ ಕೈ ಹಾಕಿದೆವು. ಒಂದು ಪ್ಯಾಚ್ ಕೂಡ ಮೂಲ ಯೋಜನೆಗೆ ಕಳಿಸಲಿಲ್ಲ. ಎರಡು ವರ್ಷ ಕಳೆದು ಭದ್ರತೆಯ ತಿದ್ದುಪಡಿಗಳನ್ನು ತರಬೇಕಾದಾಗ ನಮ್ಮ ಕೋಡ್‌ಗೂ ಮೂಲಕ್ಕೂ ಸಂಬಂಧವೇ ಉಳಿದಿರಲಿಲ್ಲ. ಎಂಟು ಜನ ಆರು ತಿಂಗಳು ಕೂತರೂ ಅದನ್ನು ಮೇಲೆತ್ತಲು ಆಗಲಿಲ್ಲ. ಆ ಪೆಟ್ಟಿಗೆಗಳು ಹಳೆಯ ಎಂಜಿನ್‌ನಲ್ಲೇ ಜನರ ಮನೆಯಲ್ಲಿ ಉಳಿದವು. ನನಗೆ ಇವತ್ತಿಗೂ ಅದು ಬೇಜಾರು.

ಪೋರ್ಟ್ ಅಂದರೆ ಎಂಜಿನ್‌ನ ಅಂಚಿನ ಕೆಲಸ. ಕೆಳಗೆ ಡಬ್ಲ್ಯೂಟಿಎಫ್ ಅನ್ನುವ ಮೂಲ ಲೈಬ್ರರಿ, ಅದರ ಮೇಲೆ ಜಾವಾಸ್ಕ್ರಿಪ್ಟ್‌ಕೋರ್, ಆಮೇಲೆ ವೆಬ್‌ಕೋರ್, ಎಲ್ಲಕ್ಕಿಂತ ಮೇಲೆ ವೆಬ್‌ಕಿಟ್ ಅನ್ನುವ ಪದರ. ಎಚ್‌ಟಿಎಂಎಲ್ ಓದುವುದು, ಸಿಎಸ್‌ಎಸ್ ಲೆಕ್ಕ ಹಾಕುವುದು ಎಲ್ಲ ಪೋರ್ಟ್‌ಗೂ ಒಂದೇ ಕೋಡ್. ವೆಬ್‌ಕೋರ್‌ನ ಪ್ಲಾಟ್‌ಫಾರ್ಮ್ ಫೋಲ್ಡರ್‌ನಲ್ಲಿ ಮಾತ್ರ ದಾರಿಗಳು ಬೇರೆಯಾಗುತ್ತವೆ. ನೆಟ್‌ವರ್ಕ್‌ಗೆ ಲಿನಕ್ಸ್‌ನ ಜಿಟಿಕೆ ಮತ್ತು ಡಬ್ಲ್ಯೂಪಿಇ ಪೋರ್ಟ್‌ಗಳು ಲಿಬ್‌ಸೂಪ್ ಲೈಬ್ರರಿ ಬಳಸುತ್ತವೆ, ವಿಂಡೋಸ್ ಮತ್ತು ಪ್ಲೇಸ್ಟೇಷನ್ ಪೋರ್ಟ್‌ಗಳು ಕರ್ಲ್. ವಿಡಿಯೋಗೆ ಲಿನಕ್ಸ್‌ನಲ್ಲಿ ಜಿಸ್ಟ್ರೀಮರ್, ಆಪಲ್ ಕಡೆ ಎವಿ ಫೌಂಡೇಶನ್. ಚಿತ್ರ ಬಿಡಿಸಲು ಜಿಟಿಕೆ, ಡಬ್ಲ್ಯೂಪಿಇ ಎರಡೂ ಬಹಳ ಕಾಲ ಕೈರೋ ಬಳಸಿ, 2024ರ ಸೆಪ್ಟೆಂಬರ್‌ನ 2.46ರಲ್ಲಿ ಸ್ಕಿಯಾಗೆ ಬದಲಾದವು. ಅಷ್ಟು ದೊಡ್ಡ ಬದಲಾವಣೆ ಆದರೂ ನಿಮ್ಮ ಪುಟದ ಒಂದು ಸಾಲೂ ಬದಲಾಗಬೇಕಿಲ್ಲ. ಗಡಿ ಅಷ್ಟು ಸ್ಪಷ್ಟವಾಗಿದೆ.

ನೋಡಿಕೊಳ್ಳುವವರು ಇಲ್ಲದ ಪೋರ್ಟ್ ಉಳಿಯುವುದಿಲ್ಲ, ಇದನ್ನೂ ತಿಳಿದಿರಿ. ಈ ಎಂಜಿನ್ ಹುಟ್ಟಿದ್ದೇ ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರ ಕೆಎಚ್‌ಟಿಎಂಎಲ್‌ನಿಂದ. 2001ರಲ್ಲಿ ಆಪಲ್ ಅದನ್ನು ತೆಗೆದುಕೊಂಡಿತು, 2003ರಲ್ಲಿ ಸಫಾರಿ ಬಂತು, 2005ರಲ್ಲಿ ವೆಬ್‌ಕಿಟ್ ಎಲ್ಲರಿಗೂ ತೆರೆಯಿತು. 2013ರ ಏಪ್ರಿಲ್‌ನಲ್ಲಿ ಗೂಗಲ್ ಬ್ಲಿಂಕ್ ಅನ್ನುವ ತನ್ನದೇ ಎಂಜಿನ್ ಮಾಡಿಕೊಂಡು ಬೇರೆ ಹೋಯಿತು. ಕ್ಯೂಟಿ ಅನ್ನುವ ಟೂಲ್‌ಕಿಟ್‌ನವರು 5.6ರ ಹೊತ್ತಿಗೆ ತಮ್ಮ ಪೋರ್ಟ್ ಕ್ಯೂಟಿವೆಬ್‌ಕಿಟ್ ಕೈಬಿಟ್ಟರು. ಇಎಫ್‌ಎಲ್ ಪೋರ್ಟನ್ನು 2017ರಲ್ಲಿ ತೆಗೆದರು. ಅದೇ 2017ರಲ್ಲಿ, ಮೊದಲು ವೆಬ್‌ಕಿಟ್ ಫಾರ್ ವೇಲ್ಯಾಂಡ್ ಅಂತ ಇದ್ದದ್ದು ಡಬ್ಲ್ಯೂಪಿಇ ಅನ್ನುವ ಹೆಸರಲ್ಲಿ ಅಧಿಕೃತ ಪೋರ್ಟ್ ಆಯಿತು. ಇಗಾಲಿಯಾ ಕಂಪನಿಯವರು ಅದನ್ನು ನಿರಂತರ ನೋಡಿಕೊಳ್ಳುತ್ತಿದ್ದಾರೆ. ಹಾಗಾಗಿ ನೀವು ಆರಿಸಿದ್ದು ಸರಿಯಾದ ಪೋರ್ಟ್.

ವಿಂಡೋಸ್ ಲ್ಯಾಪ್‌ಟಾಪ್‌ಗೆ ಬೇಡ. ವಿಂಡೋಸ್ ಪೋರ್ಟ್ ಇದೆ, ಬಿಲ್ಡ್ ಆಗುತ್ತದೆ, ಆದರೆ ದಿನನಿತ್ಯ ಬಳಸುವ ಬ್ರೌಸರ್ ಆಗಿ ಅದನ್ನು ಯಾರೂ ತಯಾರಿಸಿ ಕೊಡುತ್ತಿಲ್ಲ. ಸಫಾರಿ ಕೂಡ ವಿಂಡೋಸ್‌ನಲ್ಲಿ 2012ರ 5.1.7ಕ್ಕೇ ನಿಂತಿತು. ಅಲ್ಲಿರುವ ಬ್ರೌಸರ್‌ನಲ್ಲೇ ಪುಟ ತೆರೆಯಿರಿ.

ಕೆರೆದಂಡೆ ಮತ್ತೆ ಬರೆದದ್ದು:

ಮೂವರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಆದದ್ದನ್ನು ಬರೆಯುತ್ತೇನೆ, ಮುಂದೆ ಹುಡುಕಿ ಬಂದವರಿಗೆ ಉಪಯೋಗ ಆಗಲಿ.

ಅಣ್ಣನ 16 ಜಿಬಿ ಪಿಸಿಯಲ್ಲಿ ಬಿಲ್ಡ್‌ರೂಟ್‌ನಿಂದ 64 ಬಿಟ್ ಇಮೇಜ್ ಕಟ್ಟಿದೆ. ಒಟ್ಟಿಗೆ ಆರು ಕೆಲಸ ಮಾತ್ರ ಅಂತ ಮಿತಿ ಹಾಕಿದೆ, ಒಂದು ಸಲವೂ ನಿಲ್ಲಲಿಲ್ಲ. ಆ ಇಮೇಜ್ ಮೊದಲ ಸಲಕ್ಕೇ ಓಡಿತು. ಆಮೇಲೆ ಒಂದು ಆಯ್ಕೆ ಬದಲಿಸಲು ವೆಬ್‌ಕಿಟ್ ಒಂದನ್ನೇ ಕೈಯಾರೆ ಬಿಲ್ಡ್ ಮಾಡಿ ಲೈಬ್ರರಿ ಫೈಲ್ ಮಾತ್ರ ಬೋರ್ಡ್‌ಗೆ ಕಾಪಿ ಮಾಡಿದೆ. ಕಾಗ್ ಎದ್ದಿತು, ಪುಟ ಬರಲಿಲ್ಲ, ಬರೀ ಖಾಲಿ ಪರದೆ. ಎರಡು ದಿನ ಇದರಲ್ಲೇ ಹೋಯಿತು. ಕಾರಣ ಏನೆಂದರೆ, ಪುಟ ಬಿಡಿಸುವುದಕ್ಕೆ ಮತ್ತು ನೆಟ್‌ವರ್ಕ್‌ಗೆ ಬೇರೆ ಬೇರೆ ಪ್ರೊಸೆಸ್‌ಗಳಿವೆ, ಅವು ಬೇರೆ ಪ್ರೋಗ್ರಾಂ ಫೈಲ್‌ಗಳು. ಅವು ಎಲ್ಲಿವೆ ಅನ್ನುವ ದಾರಿ ಬಿಲ್ಡ್ ಮಾಡುವಾಗಲೇ ಲೈಬ್ರರಿ ಒಳಗೆ ಕೂತುಬಿಡುತ್ತದೆ. ನಾನು ಇನ್‌ಸ್ಟಾಲ್ ಪ್ರಿಫಿಕ್ಸ್ (ಫೈಲ್‌ಗಳು ಯಾವ ಫೋಲ್ಡರ್‌ಗೆ ಹೋಗಬೇಕು ಅನ್ನುವುದು) ಕೊಟ್ಟಿರಲಿಲ್ಲ, ಅದು ಲೋಕಲ್ ಫೋಲ್ಡರ್‌ನಲ್ಲಿ ಹುಡುಕುತ್ತಿತ್ತು. ಪ್ರಿಫಿಕ್ಸ್ ಸರಿ ಕೊಟ್ಟು, ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಹಾಕಿದ ಮೇಲೆ ಪುಟ ಬಂತು.

ಅಕ್ಷರದ ವಿಷಯದಲ್ಲಿ ಅರ್ಕಾವೊತ್ತು ಅವರು ಹೇಳಿದ್ದೇ ನಿಜ. ಹಳೆಯ ಓಎಸ್‌ನಲ್ಲಿ ಇದ್ದ ಒಂದೇ ಕನ್ನಡ ಫಾಂಟ್ ಯೂನಿಫಾಂಟ್. ಹೊಸ ಇಮೇಜ್‌ಗೆ ನೋಟೊ ಸ್ಯಾನ್ಸ್ ಕನ್ನಡ ಸೇರಿಸಿದೆ. ಎಂಜಿನ್‌ನ ಒಂದು ಸಾಲೂ ಮುಟ್ಟಲಿಲ್ಲ. ಶಾಸ್ತ್ರ, ಲಕ್ಷ್ಮಿ, ಸೂರ್ಯ ಎಲ್ಲ ಸರಿ ಕಾಣುತ್ತವೆ. ರ‍್ಯಾಂಕ್ ಮಾತ್ರ ಇನ್ನೂ 'ರ್ಯಾಂಕ್' ಅಂತಲೇ ಬರುತ್ತಿದೆ.

ಅರ್ಕಾವೊತ್ತು ಬರೆದದ್ದು:

ನಾನು ಕೊಟ್ಟ ಪದವನ್ನು ಪಟ್ಟಿಯ ಮೂಲಕ ಹಾಕದೆ ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಅಂಟಿಸಿ ನೋಡಿ. ಅಲ್ಲಿ ಸರಿ ಬಂದರೆ ನಿಮ್ಮ ಪಟ್ಟಿಯ ಪ್ರೋಗ್ರಾಂ ಜಡ್‌ಡಬ್ಲ್ಯೂಜೆ ತಿನ್ನುತ್ತಿದೆ ಅಂತ ಅರ್ಥ.

ಕೆರೆದಂಡೆ ಬರೆದದ್ದು:

ನೇರವಾಗಿ ಹಾಕಿದರೆ ಸರಿ ಬಂತು. ಹೆಸರುಗಳ ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಲು ನಾನೇ ಬರೆದ ಪೈಥಾನ್ ಸಾಲು ಅದನ್ನೂ ತೆಗೆಯುತ್ತಿತ್ತು. ತಿದ್ದಿದ್ದೇನೆ. ಸೋಮವಾರದಿಂದ ಟಿವಿ ಓಡುತ್ತಿದೆ.