ನೆಟ್‌ವರ್ಕ್ ಸಿಗದ ಹಟ್ಟಿಗಳಲ್ಲಿ ಪಿಂಚಣಿ ಸರ್ವೆ: ಪೇಪರ್ ಬಿಟ್ಟು ಮೊಬೈಲ್‌ಗೆ ಹೋಗೋದು ಹೇಗೆ?

ಹಟ್ಟಿಸಂಚಾರಿ:
ಜಗಳೂರು ತಾಲ್ಲೂಕಿನಲ್ಲಿ ಪಿಂಚಣಿ ಸಿಗದ ಹಿರಿಯರು, ವಿಕಲಚೇತನರ ಮನೆಮನೆ ಸರ್ವೆ ಇದೆ. 8 ಜನ ಕಾರ್ಯಕರ್ತರು, ಸುಮಾರು 1,200 ಮನೆ, ಎಲ್ಲರ ಕೈಲೂ 3 ಜಿಬಿ ರ್‍ಯಾಮ್‌ನ ಸಾಧಾರಣ ಫೋನು. ಇಲ್ಲಿವರೆಗೂ 4 ಪುಟದ ಪೇಪರ್ ಫಾರಂ ನಡೀತಿತ್ತು. ಗೂಗಲ್ ಫಾರಂ ಹಟ್ಟಿ ಕಡೆ ಕೆಲಸ ಮಾಡಲ್ಲ. ನೆಟ್ ಇಲ್ಲದೆ ತುಂಬೋ ಆ್ಯಪ್ ಯಾವುದು? ಆಧಾರ್ ನಂಬರ್ ಬರ್ಕೋಬೇಕಾ? ಇನ್ನೊಂದು, "ಮೊದ್ಲು ಬರ್ತಿತ್ತು, ಈಗ ನಿಂತೈತಿ" ಅನ್ನೋ ಅಜ್ಜಿಯರ ಕೇಸನ್ನ ಫಾರಂನಲ್ಲಿ ಹೇಗೆ ಕೂರಿಸೋದು?

ಕೋಟೆನಾಡು_ಡೇಟಾ:
ನೆಟ್ ಇಲ್ಲದೆಯೂ ತುಂಬೋ ಸರ್ವೆ ಫಾರಂ ಮಾಡೋಕೆ ಕೋಬೊ ಟೂಲ್‌ಬಾಕ್ಸ್ ಅನ್ನೋ ವೆಬ್‌ಸೈಟ್ ನೋಡಿ ಸರ್. ಕಂಪ್ಯೂಟರ್‌ನಲ್ಲಿ ಫಾರಂ ಮಾಡಿ, ಬಳಕೆಗೆ ಬಿಡೋಕೆ ಡಿಪ್ಲಾಯ್ ಕೊಡಿ. ಫೋನಿಗೆ ಅದರದ್ದೇ ಆ್ಯಪ್ ಕೋಬೊ ಕಲೆಕ್ಟ್ ಹಾಕಿ, ಸರ್ವರ್ ವಿಳಾಸ, ಯೂಸರ್‌ನೇಮ್ ಕೊಟ್ಟು ಖಾಲಿ ಫಾರಂ ಒಂದ್ಸಲ ಇಳಿಸಿಕೊಂಡರೆ ಆಯ್ತು. ಆಮೇಲೆ ಒಂದು ಕಡ್ಡಿ ಸಿಗ್ನಲ್ ಇಲ್ಲದಿದ್ದರೂ ತುಂಬಬಹುದು, ಸಂಜೆ ಜಗಳೂರಿಗೆ ಬಂದು ಕಳಿಸಬಹುದು.

"ಡೇಟಾ ಮಾಯ ಆಯ್ತು" ಅನ್ನೋ ದೂರಿಗೆ ಹೆಚ್ಚಾಗಿ ಎರಡೇ ಕಾರಣ. ಒಂದು, ಫಾರಂ ಡ್ರಾಫ್ಟ್‌ನಲ್ಲೇ ಉಳಿದಿರುತ್ತೆ. ಫೈನಲೈಸ್ ಒತ್ತಿದ್ದು ಮಾತ್ರ ಕಳಿಸೋ ಪಟ್ಟಿಗೆ ಬರೋದು. ಎರಡು, ಫೋನ್ ತುಂಬಿತು ಅಂತ ಯಾರೋ ಆ್ಯಪ್‌ನ ಕ್ಲಿಯರ್ ಡೇಟಾ ಒತ್ತಿರ್ತಾರೆ, ಇಲ್ಲಾ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿರ್ತಾರೆ. ಕಳಿಸದೆ ಉಳಿದದ್ದೆಲ್ಲ ಅಲ್ಲಿಗೆ ಹೋಯ್ತು, ಸರ್ವರ್‌ನಲ್ಲಿ ಹುಡುಕಿದರೂ ಇರಲ್ಲ. ದಿನಾ ಸಂಜೆ ಡ್ರಾಫ್ಟ್ ಸೊನ್ನೆ, ಕಳಿಸಬೇಕಾದ್ದು ಸೊನ್ನೆ ಅಂತ ಪ್ರತಿಯೊಬ್ಬರ ಫೋನ್ ನೋಡಿಯೇ ಮನೆಗೆ ಬಿಡಿ.

ನಮ್ಮ ಕಡೆಯವರು ತಪ್ಪದೆ ಎಡವೋದು ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರ್‌ನಲ್ಲಿ. ಪ್ರಶ್ನೆಗಳನ್ನ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ಕೋಬೊ ಫಾರಂನ ಎಕ್ಸೆಲ್‌ಗೆ ಹಾಕಿದರೆ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕಾಣುತ್ತೆ, ಫೋನಿನಲ್ಲಿ ಬರೀ ಚಿಹ್ನೆ. ಮೊದಲೇ ಯೂನಿಕೋಡ್‌ಗೆ ಬದಲಿಸಿ. ಆ ಎಕ್ಸೆಲ್‌ನ ಆಯ್ಕೆಗಳ ಹಾಳೆಯಲ್ಲಿ ಲೇಬಲ್ (ಫೋನಿನಲ್ಲಿ ಕಾಣೋದು) ಕನ್ನಡದಲ್ಲಿರಲಿ, ನೇಮ್ ಕಾಲಂ (ಡೇಟಾದಲ್ಲಿ ಉಳಿಯೋದು) ಇಂಗ್ಲಿಷಿನಲ್ಲಿ ಜಾಗ ಬಿಡದ ಸಣ್ಣ ಪದ ಇರಲಿ. ಸರ್ವೆ ನಡುವೆ ಲೇಬಲ್ ತಿದ್ದಬಹುದು. ನೇಮ್ ಮುಟ್ಟಿದರೆ ಒಂದೇ ಉತ್ತರ ಎರಡು ಹೆಸರಲ್ಲಿ ಒಡೆದುಹೋಗಿ ಲೆಕ್ಕ ಕೆಡುತ್ತೆ.

ಫೋಟೊ ಪ್ರಶ್ನೆಯ ಪ್ಯಾರಾಮೀಟರ್ಸ್ ಕಾಲಂನಲ್ಲಿ ಮ್ಯಾಕ್ಸ್-ಪಿಕ್ಸೆಲ್ಸ್ 1024 ಅಂತ ಕೊಡಿ. ಎಂಬಿಗಟ್ಟಲೆ ಬರೋ ಚಿತ್ರ ಕೆಬಿ ಲೆಕ್ಕಕ್ಕೆ ಇಳಿಯುತ್ತೆ, ರೇಷನ್ ಕಾರ್ಡಿನ ಅಕ್ಷರ ಓದೋಕೆ ಅಷ್ಟು ಸಾಕು. ಮೊಬೈಲ್ ನಂಬರ್ ಪ್ರಶ್ನೆಯನ್ನ ಟೆಕ್ಸ್ಟ್ ಅಂತಲೇ ಇಟ್ಟು, 6ರಿಂದ 9ರೊಳಗೆ ಶುರುವಾಗೋ 10 ಅಂಕಿ ಬಿಟ್ಟು ಬೇರೇನೂ ಒಪ್ಪದ ಹಾಗೆ ಕನ್‌ಸ್ಟ್ರೈಂಟ್ (ಷರತ್ತು) ಹಾಕಿ.

ವಿಕಲತೆಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿ ಕೊಟ್ಟು ಟಿಕ್ ಮಾಡಿ ಅನ್ನಬೇಡಿ, ಅದು ಡಾಕ್ಟರ ಕೆಲಸ. ವಿಕಲತೆ ಲೆಕ್ಕಕ್ಕೆ ವಾಷಿಂಗ್ಟನ್ ಗ್ರೂಪ್ ಅನ್ನೋ ಅಂತರರಾಷ್ಟ್ರೀಯ ತಂಡ ಮಾಡಿದ 6 ಪ್ರಶ್ನೆ ಸಾಕು: ನೋಡೋಕೆ, ಕೇಳೋಕೆ, ನಡೆಯೋಕೆ, ನೆನಪಿಟ್ಟುಕೊಳ್ಳೋಕೆ, ಸ್ನಾನ-ಬಟ್ಟೆಗೆ, ಮಾತಾಡೋಕೆ ಎಷ್ಟು ಕಷ್ಟ ಅಂತ. "ತುಂಬಾ ಕಷ್ಟ" ಅಥವಾ "ಆಗೋದೇ ಇಲ್ಲ" ಯಾವುದಕ್ಕೆ ಬಂದರೂ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದೆಯಾ ಅನ್ನೋ ಪ್ರಶ್ನೆ ತಾನಾಗೇ ತೆರೆಯೋ ಹಾಗೆ ಮಾಡಿ. ಇಲ್ಲ ಅಂದವರ ಪಟ್ಟಿ ಆಯಾ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಕೈಗೆ.

ಬೆಣ್ಣೆನಗರಿ:
ನಿಂತ ಪಿಂಚಣಿ ಬಗ್ಗೆ. "ಬರ್ತಿದೆ / ಬರ್ತಿಲ್ಲ" ಅಂತ ಎರಡೇ ಆಯ್ಕೆ ಇಟ್ಟರೆ ಸರ್ವೆ ಮಾಡಿಯೂ ಪ್ರಯೋಜನ ಇಲ್ಲ. ಪಿಂಚಣಿ ಮಂಜೂರಾತಿ ಆದೇಶ ಆಗಿದೆಯಾ, ಕೊನೇ ಸಲ ಯಾವ ತಿಂಗಳು ಬಂತು, ಆಮೇಲೆ ಹೊಸ ಖಾತೆ ತೆರೆದಿದ್ದಾರಾ, ಈ ಮೂರೂ ಬೇರೆ ಬೇರೆ ಪ್ರಶ್ನೆ ಆಗಬೇಕು.

ಮೂರನೇದಕ್ಕೆ ಕಾರಣ ಇದೆ. ಖಾತೆಗೆ ಆಧಾರ್ ಕೊಟ್ಟಿರೋದು ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ಪಾವತಿ ಸಂಸ್ಥೆ) ಮ್ಯಾಪಿಂಗ್, ಅಂದ್ರೆ ಆಧಾರ್‌ನ ದುಡ್ಡು ಯಾವ ಬ್ಯಾಂಕಿಗೆ ಅನ್ನೋ ಗುರುತು, ಬೇರೆ. ಆಧಾರ್ ಆಧಾರಿತ ದುಡ್ಡು ಕೊನೇ ಸಲ ಮ್ಯಾಪ್ ಆದ ಬ್ಯಾಂಕಿಗೆ ಹೋಗುತ್ತೆ. ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಹೆಬ್ಬೆಟ್ಟು ಒತ್ತಿರ್ತಾರೆ, ಪಿಂಚಣಿ ಅಲ್ಲಿ ಬೀಳ್ತಿರುತ್ತೆ, ಅಜ್ಜಿ ಹಳೇ ಪಾಸ್‌ಬುಕ್ ಹಿಡ್ಕೊಂಡು ಎಂಟ್ರಿ ಹಾಕಿಸ್ತಿರ್ತಾರೆ. ಯುಐಡಿಎಐ (ಆಧಾರ್ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕ್ ಅಂತ ತಿಳಿಯುತ್ತೆ. ಸರ್ಕಾರದ ನೇರ ಹಣ ವರ್ಗಾವಣೆ ತೋರಿಸೋ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಹಣ ಯಾವಾಗ, ಯಾವ ಖಾತೆಗೆ ಹೋಯ್ತು ಅಂತ ಕಾಣುತ್ತೆ. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಆ ಸಿಮ್ ಮಗನ ಹತ್ರ ಬೆಂಗಳೂರಲ್ಲಿದ್ದರೆ ಕೆಲಸ ಅಲ್ಲೇ ನಿಲ್ಲುತ್ತೆ. ಹಾಗಾಗಿ "ಆಧಾರ್ ಸಿಮ್ ಈಗ ಯಾರ ಹತ್ರ ಇದೆ?" ಅನ್ನೋದೂ ಫಾರಂನಲ್ಲಿರಲಿ. ನಂಬರ್ ಬದಲಿಸೋಕೆ ಆಧಾರ್ ಕೇಂದ್ರ ಇದೆ, ಅಂಚೆಯಣ್ಣನ ಹತ್ರವೂ ಆಗುತ್ತೆ.

ಕಳೆ ಕಿತ್ತು, ಶೇಂಗಾ ಬಿಡಿಸಿ ಬೆರಳಿನ ಗೆರೆ ಸವೆದವರಿಗೆ ಥಂಬ್ ತಗೊಳ್ಳಲ್ಲ. ಅಂಥವರಿಗೆ ಕಣ್ಣಿನ ಸ್ಕ್ಯಾನ್ ಇರೋ ಕಡೆ ಕರ್ಕೊಂಡು ಹೋಗಿ. ಇದಕ್ಕೂ ಫಾರಂನಲ್ಲಿ ಒಂದು ಟಿಕ್ ಇಡಿ.

ಕೇಸ್‌ಫೈಲ್:
ಆಧಾರ್ ಪೂರ್ತಿ ನಂಬರ್ ಬೇಡ, ಕೊನೇ 4 ಅಂಕಿ ಸಾಕು. ಅರ್ಜಿ ಹಾಕೋ ದಿನ ಕಾರ್ಡು ಅವರ ಕೈಲೇ ಇರುತ್ತೆ. ಒಪ್ಪಿಗೆ ಪ್ರಶ್ನೆ ಫಾರಂನ ಮೊದಲನೇದಾಗಿರಲಿ, "ಇಲ್ಲ" ಅಂದರೆ ಫಾರಂ ಅಲ್ಲೇ ಮುಗೀಬೇಕು. 18 ತುಂಬದವರಿದ್ದರೆ ತಂದೆತಾಯಿ ಒಪ್ಪಿಗೆ, 2023ರ ಡೇಟಾ ಕಾಯ್ದೆಯಲ್ಲಿ ಹಾಗೇ ಇರೋದು.

ಆ್ಯಪ್‌ಗಿಂತ ನನಗೆ ಭಯ ವಾಟ್ಸ್‌ಆ್ಯಪ್ ಗ್ರೂಪಿಂದು. "ಮೇಡಂ, ಇದು ಅರ್ಜೆಂಟ್ ಕೇಸ್" ಅಂತ ಮನೆ ಮುಂದೆ ನಿಲ್ಲಿಸಿ ಫೋಟೊ ಹಾಕ್ತಾರೆ. ಅದು 8 ಜನರ ಗ್ಯಾಲರಿಗೆ ಇಳಿದು, ಅಲ್ಲಿಂದ ಬ್ಯಾಕಪ್‌ಗೂ ಹೋಗಬಹುದು. ಸರ್ವೆ ವೇಳೆ ಮಗುವಿನ ಮೇಲಿನ ದೌರ್ಜನ್ಯ ಗೊತ್ತಾದರೆ ಗ್ರೂಪಿಗೆ ಹಾಕಲೇಬಾರದು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಅಂಥ ಮಗುವಿನ ಗುರುತು ಬಯಲು ಮಾಡೋದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕಲಂ 23, ಬಾಲ ನ್ಯಾಯ ಕಾಯ್ದೆ ಕಲಂ 74ರ ಪ್ರಕಾರ ಅಪರಾಧ. ಮಾಮೂಲಿ ಕೇಸಿಗೂ ಹೆಸರು ಬೇಡ, ಹಟ್ಟಿ ಕೋಡ್ ಮತ್ತು ಮನೆ ನಂಬರ್ ಸಾಕು.

ಹಟ್ಟಿಸಂಚಾರಿ:
ತುಂಬಾ ಉಪಕಾರ ಆಯ್ತು. ಬ್ಯಾಂಕ್ ಖಾತೆ ನಂಬರ್ ತಗೊಂಡರೆ ಎಕ್ಸೆಲ್‌ನಲ್ಲಿ ಕೊನೇ ಅಂಕಿ ಬದಲಾಗುತ್ತೆ ಅಂತಾರೆ, ನಿಜಾನಾ?

ಕೋಟೆನಾಡು_ಡೇಟಾ:
ನಿಜ ಸರ್. ಎಕ್ಸೆಲ್ 15 ಅಂಕಿ ಮಾತ್ರ ಹಿಡಿಯುತ್ತೆ, 16 ಅಂಕಿಯ ಖಾತೆ ಇದ್ದರೆ ಕೊನೇದು 0 ಆಗುತ್ತೆ. ಮುಂದಿನ ಸೊನ್ನೆಗಳೂ ಉದುರುತ್ತವೆ. ಕೋಬೊದಿಂದ ಇಳಿಸಿದ ಸಿಎಸ್‌ವಿ (ಸಾದಾ ಪಟ್ಟಿಯ) ಫೈಲನ್ನ ಡಬಲ್ ಕ್ಲಿಕ್ ಮಾಡಿ ತೆರೀಬೇಡಿ. ಖಾಲಿ ಎಕ್ಸೆಲ್ ತೆಗೆದು, ಡೇಟಾ ಮೆನುವಿಂದ ಇಂಪೋರ್ಟ್ ಮಾಡಿ, ಆ ಕಾಲಂಗೆ ಟೆಕ್ಸ್ಟ್ ಅಂತ ಆರಿಸಿ. ಒಮ್ಮೆ ತಪ್ಪಾಗಿ ತೆರೆದು ಸೇವ್ ಕೊಟ್ಟಿದ್ದರೆ ಆ ಫೈಲ್ ಬಿಟ್ಟು ಕೋಬೊದಿಂದ ಹೊಸದಾಗಿ ಇಳಿಸಿಕೊಳ್ಳಿ.